ಚಳಿಗೆ ಸ್ಟಾರ್ಟ್ ಆಗದ ಬೈಕು: ಕಾಫಿ ಸೀಮೆಯ ಒಂದು ಪ್ರಕರಣ

ಹಿನ್ನೆಲೆ

ಈ ಪ್ರಕರಣ ನಡೆದದ್ದು ಚಿಕ್ಕಮಗಳೂರು ಜಿಲ್ಲೆಯ ಗಿರಿಸಾಲಿನ ತಪ್ಪಲಿನ ಒಂದು ಕಾಫಿ ತೋಟದಲ್ಲಿ, 2023ರ ಡಿಸೆಂಬರಿನಿಂದ 2024ರ ಫೆಬ್ರವರಿಯ ನಡುವೆ. ತೋಟದ ಹೆಸರು, ಊರು, ಗಾಡಿಯ ಕಂಪನಿ ಯಾವುದನ್ನೂ ಇಲ್ಲಿ ಹೇಳಿಲ್ಲ. ಗಾಡಿಯ ಯಜಮಾನರನ್ನು ಅವರ ಕೆಲಸದ ಹೆಸರಿನಿಂದಲೇ 'ರೈಟರು' ಎಂದು ಕರೆಯುತ್ತೇನೆ. ರಿಪೇರಿ ಮಾಡಿದ ಮೆಕ್ಯಾನಿಕ್ ಹಿಂದೊಮ್ಮೆ ನನ್ನ ಬಳಿ ದ್ವಿಚಕ್ರ ವಾಹನಗಳ ಕೆಲಸ ಕಲಿತ ಹುಡುಗ. ಈಗ ಹತ್ತಿರದ ಪೇಟೆಯಲ್ಲಿ ಸ್ವಂತ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಇಬ್ಬರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ನಡುವೆ ತಪ್ಪು ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬನಾದ್ದರಿಂದ, ಯಾರ ಮೇಲೂ ಬೆರಳು ತೋರಿಸುವ ಉದ್ದೇಶ ನನಗಿಲ್ಲ.

ಗಾಡಿ 2017ರ ಮಾಡೆಲ್ಲಿನ, 125 ಸಿಸಿಯ, ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ, ಬಿಎಸ್-4 ಎಂಬ ಹೊಗೆ ನಿಯಮದ ಬೈಕು. ಸೆಲ್ಫ್ ಮತ್ತು ಕಿಕ್ಕರ್ ಎರಡೂ ಇವೆ. ಚೋಕ್ ಲಿವರ್ ಹ್ಯಾಂಡಲಿನ ಎಡಗಡೆ ಇದೆ. ಸುಮಾರು 58,000 ಕಿಲೋಮೀಟರ್ ಓಡಿದ್ದರೂ ಎಂಜಿನ್ನನ್ನು ಬಿಚ್ಚಿದ ಉದಾಹರಣೆ ಇಲ್ಲ. ತೋಟ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಅಲ್ಲಿ ಥರ್ಮಾಮೀಟರ್ 10–12 ಡಿಗ್ರಿ ತೋರಿಸುತ್ತದೆ. ಹಿಮಾಲಯದ ರಸ್ತೆಗಳಲ್ಲಿ ಗಾಡಿ ಓಡಿಸಿ ಬಂದವರು ಇದನ್ನು ಚಳಿಯೆಂದೇ ಒಪ್ಪಲಿಕ್ಕಿಲ್ಲ. ಆದರೆ ಅರ್ಧಂಬರ್ಧ ಕೆಟ್ಟಿರುವ ಗಾಡಿಗೆ ಇಷ್ಟು ಚಳಿಯೇ ಸಾಕು.

ಅದು ಅರೇಬಿಕಾ ಕೊಯ್ಲಿನ ಕಾಲ. ರೈಟರು ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು, ಮೂರು ಕಿಲೋಮೀಟರ್ ದೂರದ, ಆಳುಗಳು ವಾಸಿಸುವ ಲೈನ್ ಮನೆಗಳ ಮುಂದೆ ಹಾಜರಿ ಹಾಕಿ, ಆಳುಗಳನ್ನು ಬ್ಲಾಕುಗಳಿಗೆ ಹಂಚಬೇಕು. ಅವರು ಅರ್ಧ ಗಂಟೆ ತಡವಾದರೆ ಐವತ್ತು ಜನ ಚೀಲ ಹಿಡಿದುಕೊಂಡು ಕಾಯುತ್ತಾ ನಿಲ್ಲುತ್ತಾರೆ.

ತೊಂದರೆ

ಡಿಸೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಸೆಲ್ಫ್ ಒತ್ತಿದರೆ ಎಂಜಿನ್ ತಿರುಗುತ್ತಿತ್ತು, ಆದರೆ ಹಿಡಿಯುತ್ತಿರಲಿಲ್ಲ. ಇಪ್ಪತ್ತು, ಇಪ್ಪತ್ತೈದು ಕಿಕ್ ಹೊಡೆದ ಮೇಲೆ ಒಮ್ಮೆ ಕೆಮ್ಮಿ, ನಿಂತು, ಮತ್ತೆ ಹತ್ತು ಕಿಕ್ಕಿಗೆ ಹೊತ್ತಿಕೊಂಡಿತು. ಒಮ್ಮೆ ಹೊತ್ತಿಕೊಂಡ ಮೇಲೆ ಸಂಜೆಯವರೆಗೆ ಯಾವ ತಕರಾರೂ ಇಲ್ಲ. ಮಧ್ಯಾಹ್ನ ಎಷ್ಟು ಸಲ ನಿಲ್ಲಿಸಿದರೂ ಒಂದೇ ಕಿಕ್ಕಿಗೆ ಸ್ಟಾರ್ಟ್. ಮರುದಿನ ಬೆಳಿಗ್ಗೆ ಮತ್ತೆ ಅದೇ ಪಾಡು.

ಈ ಲಕ್ಷಣವನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ಕಾಯಿಲೆ ಇದ್ದದ್ದು ದಿನದ ಮೊದಲ ಸ್ಟಾರ್ಟಿನಲ್ಲಿ ಮಾತ್ರ, ಅದೂ ಹತ್ತು ಹನ್ನೆರಡು ತಾಸು ತಣ್ಣಗೆ ನಿಂತ ಎಂಜಿನ್ನಿನಲ್ಲಿ. ಗ್ಯಾರೇಜಿನ ಬಾಗಿಲು ತೆರೆಯುವುದು ಒಂಬತ್ತೂವರೆಗೆ. ಗಾಡಿ ಅಲ್ಲಿಗೆ ತಲುಪುವ ಹೊತ್ತಿಗೆ ಹದಿನಾಲ್ಕು ಕಿಲೋಮೀಟರ್ ಓಡಿ ಚೆನ್ನಾಗಿ ಬಿಸಿಯಾಗಿರುತ್ತಿತ್ತು. ಮೆಕ್ಯಾನಿಕ್ ಕೈಗೆ ಪ್ರತಿ ಸಲ ಸಿಕ್ಕಿದ್ದು ಆರೋಗ್ಯವಂತ ಗಾಡಿಯೇ. "ನಮ್ಮ ಹತ್ರ ಬಂದ್ರೆ ಒಂದೇ ಕಿಕ್ಕಿಗೆ ಆಗುತ್ತಲ್ಲಣ್ಣ" ಎಂದು ಅವನು ಹೇಳುತ್ತಿದ್ದ ಮಾತು ಸುಳ್ಳಲ್ಲ. ಆದರೆ ಆ ಮಾತಿನಿಂದ ರೈಟರಿಗೆ ಪ್ರಯೋಜನವೂ ಇರಲಿಲ್ಲ.

ಮೊದಲ ಪ್ರಯತ್ನಗಳು

ಮೊದಲು ಪ್ಲಗ್ ಬದಲಾಯಿತು. ಬಿಚ್ಚಿದ ಹಳೆಯ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿತ್ತು ಎಂದು ಮೆಕ್ಯಾನಿಕ್ ಆಮೇಲೆ ನೆನಪಿಸಿಕೊಂಡ. ತಿಳಿ ಕಂದು ಎಂದರೆ ಎಂಜಿನ್ ಬಿಸಿಯಾಗಿ ಓಡುವಾಗ ಪೆಟ್ರೋಲು ಮತ್ತು ಗಾಳಿಯ ಹದ ಸರಿಯಿದೆ ಎಂದರ್ಥ. ತಣ್ಣಗಿರುವಾಗ ಏನಾಗುತ್ತದೆ ಎಂಬುದನ್ನು ಆ ಬಣ್ಣ ಹೇಳುವುದಿಲ್ಲ. ಹೊಸ ಪ್ಲಗ್ ಹಾಕಿದ ಮೇಲೂ ಮರುದಿನ ಮೂವತ್ತು ಕಿಕ್ ಬಿದ್ದವು.

ಎರಡನೆಯದು ಬ್ಯಾಟರಿ. ದಿನವೂ ಬೆಳಿಗ್ಗೆ ಸೆಲ್ಫ್ ಒತ್ತಿ ಒತ್ತಿ, ಎರಡನೇ ವಾರದ ಹೊತ್ತಿಗೆ ಅದು ಬರೀ 'ಕಟ್ ಕಟ್' ಎನ್ನತೊಡಗಿತ್ತು. ಸ್ಟಾರ್ಟ್ ಆಗದ ಗಾಡಿಯಲ್ಲಿ ಸೆಲ್ಫ್ ಕೂಡ ಸತ್ತರೆ ನೋಡಿದವರೆಲ್ಲ ಬ್ಯಾಟರಿಯನ್ನೇ ದೂರುತ್ತಾರೆ. ಸುಮಾರು 1,300 ರೂಪಾಯಿಯ ಹೊಸ ಬ್ಯಾಟರಿ ಬಂತು. ಎಂಜಿನ್ ಮೊದಲಿಗಿಂತ ಜೋರಾಗಿ ತಿರುಗಿತು, ಹಿಡಿಯಲಿಲ್ಲ. ಹದಿನೈದು ದಿನದಲ್ಲಿ ಹೊಸ ಬ್ಯಾಟರಿಯೂ 'ಕಟ್ ಕಟ್' ಎಂದಿತು. ನನ್ನ ಲೆಕ್ಕದಲ್ಲಿ ಈ ಪ್ರಕರಣದ ಮೊದಲ ತಿರುವು ಇಲ್ಲಿರಬೇಕಿತ್ತು: ಹೊಸ ಬ್ಯಾಟರಿಯೂ ಇಳಿಯುತ್ತದೆ ಎಂದಾದರೆ ಬ್ಯಾಟರಿ ಇಳಿದಿರುವುದು ಕಾಯಿಲೆಯ ಫಲವೇ ಹೊರತು ಕಾರಣವಲ್ಲ. ಬೆಳಿಗ್ಗೆ ನಿಮಿಷಗಟ್ಟಲೆ ಸೆಲ್ಫ್ ಒತ್ತಿ ಖರ್ಚು ಮಾಡಿದ್ದನ್ನು ಮೂರು ಕಿಲೋಮೀಟರಿನ ಓಟ ತುಂಬಿಕೊಡಲಾರದು. ಹನ್ನೊಂದು ಡಿಗ್ರಿಯಲ್ಲಿ ಒಳ್ಳೆಯ ಬ್ಯಾಟರಿಯ ಕಸುವು ಸ್ವಲ್ಪ ತಗ್ಗುವುದು ನಿಜ, ಆದರೆ ಗಾಡಿ ತಿರುಗಿಸಲಾರದಷ್ಟು ತಗ್ಗುವುದಿಲ್ಲ. ಇದನ್ನು ಆಗ ಯಾರೂ ಹೀಗೆ ಯೋಚಿಸಲಿಲ್ಲ. ಬ್ಯಾಟರಿ ಮಾರಿದ ಅಂಗಡಿಯವರೊಡನೆ ವಾರಂಟಿಯ ಜಗಳ ಮಾತ್ರ ನಡೆಯಿತು.

ಮೂರನೆಯದಾಗಿ ಕಾರ್ಬ್ಯುರೇಟರ್ ಬಿಚ್ಚಿ, ಪೆಟ್ರೋಲು ಹಾಯುವ ಸಣ್ಣ ರಂಧ್ರದ ಜೆಟ್ಟುಗಳಿಗೆ ಗಾಳಿ ಹೊಡೆದು, ಪುನಃ ಕೂರಿಸಿ, ನಿಂತಲ್ಲಿ ಎಂಜಿನ್ ಓಡುವ ವೇಗ ನಿರ್ಧರಿಸುವ ಐಡಲ್ ಸ್ಕ್ರೂವನ್ನು ಸ್ವಲ್ಪ ಏರಿಸಲಾಯಿತು. ಗ್ಯಾರೇಜಿನಲ್ಲಿ ಗಾಡಿ ಚೆಂದಾಗಿ ಉಸಿರಾಡಿತು. ಮರುದಿನ ಬೆಳಿಗ್ಗೆ ಅದೇ ಕಥೆ. ಐಡಲ್ ಏರಿಸಿದ್ದರಿಂದ ಗಾಡಿ ಬಿಸಿಯಾದ ಮೇಲೆ ನಿಂತಲ್ಲೇ ಬೊಬ್ಬೆ ಹೊಡೆಯತೊಡಗಿದ್ದೊಂದೇ ಹೊಸತು.

ಇಷ್ಟಾಗುವಾಗ ಸಲಹೆಗಳಿಗೆ ಬರವಿರಲಿಲ್ಲ. ಪೆಟ್ರೋಲಿನಲ್ಲಿ ನೀರಿದೆ ಎಂದರು ಒಬ್ಬರು. ಇದು ತಳ್ಳಿಹಾಕುವ ಮಾತಲ್ಲ. ಎಥನಾಲ್ ಬೆರೆಸಿದ ಪೆಟ್ರೋಲು ಸ್ವಲ್ಪ ನೀರನ್ನು ಒಳಗೇ ಹೀರಿಕೊಂಡಿರುತ್ತದೆ, ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ದೇಶದಲ್ಲಿ ಸರಾಸರಿ ಬೆರಕೆ 2022ರಲ್ಲೇ ನೂರಕ್ಕೆ 10 ಮುಟ್ಟಿತ್ತು. ಕಾರ್ಬ್ಯುರೇಟರಿನ ಬಟ್ಟಲಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಒಂದು ರಾತ್ರಿ ಕಿಟಕಿಯಲ್ಲಿಟ್ಟು ನೋಡಿದೆವು. ಎರಡು ಪದರ ಕಾಣಲಿಲ್ಲ. ಎತ್ತರದ ಜಾಗವಾದ್ದರಿಂದ ಗಾಳಿ ತೆಳುವಾಗಿ ಹೀಗಾಗುತ್ತಿದೆ ಎಂದರು ಇನ್ನೊಬ್ಬರು. ಗಾಳಿ ತೆಳುವಾದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗಬೇಕೇ ಹೊರತು ಕಡಿಮೆಯಾಗುವುದಿಲ್ಲ. ಅಲ್ಲದೆ ಗಾಡಿ ಆರು ವರ್ಷದಿಂದ ಅದೇ ಎತ್ತರದಲ್ಲಿತ್ತು. ಎಂಜಿನ್ ಕೆಳಗೆ ಕೆಂಡದ ಬಾಣಲೆ ಇಡಿ ಎಂದ ಹಿರಿಯರ ಮಾತನ್ನು ರೈಟರ ಹೆಂಡತಿ ಅಲ್ಲೇ ತಡೆದದ್ದು ಒಳ್ಳೆಯದಾಯಿತು. ಪೆಟ್ರೋಲ್ ಪೈಪಿನ ಕೆಳಗೆ ಬೆಂಕಿಯಿಡುವ ಈ ಸಲಹೆ ಮಲೆನಾಡಿನಲ್ಲಿ ಇನ್ನೂ ಚಲಾವಣೆಯಲ್ಲಿದೆ, ಯಾರೂ ಪಾಲಿಸಬಾರದು. ರಾತ್ರಿ ಎಂಜಿನ್ನಿಗೆ ಗೋಣಿಚೀಲ ಹೊದಿಸಿದ್ದೂ ಆಯಿತು. ಗೋಣಿ ಇರುವ ಬಿಸಿಯನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆಯೇ ವಿನಾ ಬಿಸಿಯನ್ನು ಹುಟ್ಟಿಸುವುದಿಲ್ಲ. ಹನ್ನೆರಡು ತಾಸಿನ ನಂತರ ಗೋಣಿಯ ಒಳಗೂ ಹೊರಗೂ ಒಂದೇ ಚಳಿ.

ಫೋನಿನಲ್ಲಿ ನನ್ನನ್ನು ಕೇಳಿದಾಗ ನಾನು ಹೇಳಿದ್ದು ಟ್ಯಾಪೆಟ್, ಅಂದರೆ ವಾಲ್ವುಗಳ ಸಂದಿನ ಹೊಂದಾಣಿಕೆ. ವಾಲ್ವಿನ ಸಂದು ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಸೋರಿ, ತಣ್ಣಗಿರುವಾಗ ಗಾಡಿ ಹಟ ಮಾಡುತ್ತದೆ. ಇದು ನಾನು ಹಲವು ಸಲ ಕಂಡ ಸಂಗತಿ. ಹಲವು ಸಲ ಕಂಡದ್ದೇ ನನ್ನ ತಪ್ಪಿಗೆ ಕಾರಣವಾಯಿತು. ಗಾಡಿ ನೋಡದೆ, ಒಂದು ಪ್ರಶ್ನೆಯನ್ನೂ ಕೇಳದೆ, ಕೈಗೆ ಪಳಗಿದ ಉತ್ತರವನ್ನು ಕೊಟ್ಟುಬಿಟ್ಟೆ. ಮೆಕ್ಯಾನಿಕ್ ಸಂದು ಅಳೆಯುವ ಫೀಲರ್ ಗೇಜ್ ಹಾಕಿ ನೋಡಿದಾಗ ಒಳವಾಲ್ವ್ ಸರಿಯಾಗಿತ್ತು, ಹೊರವಾಲ್ವ್ ಕೂದಲೆಳೆಯಷ್ಟು ಬಿಗಿಯಿತ್ತು. ಅದನ್ನು ಸಡಿಲಿಸಿದರೂ ಬೆಳಗಿನ ಕಥೆ ಬದಲಾಗಲಿಲ್ಲ.

ಇಳಿಜಾರು ಎಂಬ ಆಪದ್ಬಾಂಧವ

ಇಷ್ಟೆಲ್ಲ ಸೋತರೂ ಜನವರಿ ಕೊನೆಯವರೆಗೆ ಯಾರಿಗೂ ಅವಸರ ಬೀಳಲಿಲ್ಲ. ಕಾರಣ, ರೈಟರ ಮನೆ ಇಳಿಜಾರಿನ ತಲೆಯ ಮೇಲಿತ್ತು. ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಹಿಡಿದು, ಗಾಡಿಯನ್ನು ಇಳಿಜಾರಿಗೆ ಬಿಟ್ಟು, ಅರ್ಧ ದಾರಿಯಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಹಿಡಿಯುತ್ತಿತ್ತು. ಕಿಕ್ಕಿಗಿಂತ ವೇಗವಾಗಿ, ಬಿಡದೆ ತಿರುಗುವುದರಿಂದ ಕಾರ್ಬ್ಯುರೇಟರಿನ ಮೇಲೆ ಎಂಜಿನ್ನಿನ ಎಳೆತ ಜೋರಾಗುತ್ತದೆ; ಹಾಗಾಗಿ ಎಷ್ಟೋ ಕುಂದುಗಳು ತಳ್ಳಿದಾಗ ಮುಚ್ಚಿಹೋಗುತ್ತವೆ. ಉಪಾಯ ಫಲಿಸಿದ್ದರಿಂದ ಕಾರಣ ಹುಡುಕುವ ಕೆಲಸ ಐದು ವಾರ ಹಿಂದೆ ಬಿತ್ತು.

ಜನವರಿಯ ಕೊನೆಯಲ್ಲಿ, ಇಬ್ಬನಿಗೆ ಒದ್ದೆಯಾದ ಜಲ್ಲಿಯ ಮೇಲೆ ಕ್ಲಚ್ ಬಿಟ್ಟೊಡನೆ ಹಿಂದಿನ ಚಕ್ರ ಕಚ್ಚಿಕೊಂಡು ಜಾರಿ, ರೈಟರು ಬಿದ್ದು ಮೊಣಕೈ ತರಚಿಸಿಕೊಂಡರು. ದೊಡ್ಡ ಪೆಟ್ಟೇನೂ ಅಲ್ಲ. ಆದರೆ ಅಂದು ಸಂಜೆ ಅವರು ಗಾಡಿಯನ್ನು ಪೇಟೆಗೆ ಒಯ್ದು, "ಸರಿ ಮಾಡದೆ ಕೊಡಬೇಡ, ಎಷ್ಟು ದಿನವಾದರೂ ಇಲ್ಲೇ ಇರಲಿ" ಎಂದು ಮೆಕ್ಯಾನಿಕ್ ಕೈಗೆ ಕೀ ಕೊಟ್ಟು ಬಸ್ಸು ಹತ್ತಿದರು.

ಬಗೆಹರಿದದ್ದು ಈ ಒಂದು ತೀರ್ಮಾನದಿಂದ. ಗಾಡಿ ಮೊದಲ ಸಲ ರಾತ್ರಿ ಗ್ಯಾರೇಜಿನ ಹೊರಗೆ, ತಗಡಿನ ಮಾಡಿನ ಕೆಳಗೆ ನಿಂತಿತು. ಮೆಕ್ಯಾನಿಕ್ ನನಗೆ ಫೋನು ಮಾಡಿದಾಗ, ಬೆಳಿಗ್ಗೆ ನಾನು ಬರುವವರೆಗೆ ಕೀ ಕೂಡ ತಿರುಗಿಸಬೇಡ ಎಂದಷ್ಟೇ ಹೇಳಿದೆ.

ಆ ಬೆಳಿಗ್ಗೆ

ಐದೂಮುಕ್ಕಾಲು. 11 ಡಿಗ್ರಿ. ಸೀಟಿನ ಮೇಲೆ ಇಬ್ಬನಿ ಹನಿಗಟ್ಟಿತ್ತು. ಹಿಂದಿನ ಸಂಜೆ ಚಾರ್ಜ್ ಮಾಡಿಟ್ಟಿದ್ದ ಬ್ಯಾಟರಿ ಮೀಟರಿನಲ್ಲಿ 12.6 ವೋಲ್ಟ್ ತೋರಿಸಿತು; ಸೆಲ್ಫ್ ಒತ್ತಿದಾಗ ಹತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ಬ್ಯಾಟರಿಯ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ಚೋಕ್ ಎಳೆದು ಹತ್ತು ಕಿಕ್. ಗಾಡಿ ಹಿಡಿಯಲಿಲ್ಲ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ರೋಗ ಗ್ಯಾರೇಜಿಗೆ ಬಂದಿತ್ತು.

ಕೂಡಲೇ ಪ್ಲಗ್ ಬಿಚ್ಚಿಸಿದೆ. ಅದು ಒಣಗಿತ್ತು. ಬೆರಳಿಗೆ ತೇವ ಅಂಟಲಿಲ್ಲ, ಮೂಗಿಗೆ ಹಿಡಿದರೆ ಪೆಟ್ರೋಲಿನ ವಾಸನೆಯೂ ಅಷ್ಟಕ್ಕಷ್ಟೆ. ಚೋಕ್ ಎಳೆದು ಹತ್ತು ಕಿಕ್ ಹೊಡೆದ ಎಂಜಿನ್ನಿನ ಪ್ಲಗ್ ಒದ್ದೆಯಾಗಿರಬೇಕು. ಒದ್ದೆಯಿದ್ದೂ ಹೊತ್ತದಿದ್ದರೆ ಕಿಡಿಯನ್ನೋ ಕಂಪ್ರೆಶನ್ನನ್ನೋ ಅನುಮಾನಿಸಬೇಕು. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಪ್ಲಗ್ಗನ್ನು ಅದರ ರಂಧ್ರದಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆಸಿದಾಗ ನಸುಗತ್ತಲಲ್ಲಿ ನೀಲಿ ಕಿಡಿ ಸ್ಪಷ್ಟವಾಗಿ ಕಂಡಿತು. ಆಮೇಲೆ ಪ್ಲಗ್ಗಿನ ರಂಧ್ರಕ್ಕೆ ಅರ್ಧ ಮುಚ್ಚಳ ಪೆಟ್ರೋಲು ಸುರಿದು, ಹೊರಗೆ ಚೆಲ್ಲಿದ್ದನ್ನು ಒರೆಸಿ, ಪ್ಲಗ್ ಬಿಗಿದು ಒಂದು ಕಿಕ್ ಹೊಡೆಸಿದೆ. ಎಂಜಿನ್ ಹೊತ್ತಿಕೊಂಡು ಎರಡು ಮೂರು ಸೆಕೆಂಡು ಓಡಿ ನಿಂತಿತು. ನಾವು ಕೊಟ್ಟ ಪೆಟ್ರೋಲು ಉರಿಯುತ್ತದೆ, ಗಾಡಿ ತಾನಾಗಿ ತಂದುಕೊಳ್ಳಬೇಕಾದದ್ದು ಬರುತ್ತಿಲ್ಲ. ನನ್ನ ಟ್ಯಾಪೆಟ್ ವಾದವೂ ಈ ಮೂರು ಸೆಕೆಂಡಿನಲ್ಲಿ ಬಿದ್ದುಹೋಯಿತು. ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿದರೆ ಪೆಟ್ರೋಲು ಧಾರಾಳವಾಗಿ ಇಳಿಯಿತು. ಕಾರ್ಬ್ಯುರೇಟರಿನವರೆಗೆ ಪೆಟ್ರೋಲಿದೆ, ಬಿಸಿ ಎಂಜಿನ್ನಿಗೆ ಹದ ಸರಿಯಿದೆ. ಉಳಿದದ್ದು ತಣ್ಣಗಿರುವಾಗ ಮಾತ್ರ ಕೆಲಸ ಮಾಡುವ ಒಂದೇ ಒಂದು ದಾರಿ: ಚೋಕ್.

ಇಲ್ಲಿ ಚೋಕಿನ ಕೆಲಸವನ್ನು ಸ್ವಲ್ಪ ವಿವರಿಸಬೇಕು. ದ್ರವರೂಪದ ಪೆಟ್ರೋಲು ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬುದು ಪೂರ್ತಿ ಆವಿಯಾದಾಗಿನ ಲೆಕ್ಕ. ಚಳಿಯಲ್ಲಿ ಪೆಟ್ರೋಲಿನ ಹಗುರ ಭಾಗಗಳಷ್ಟೇ ಆವಿಯಾಗಿ, ಉಳಿದದ್ದು ತಣ್ಣನೆಯ ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಬೇಕಾದದ್ದಕ್ಕಿಂತ ಹಲವು ಪಟ್ಟು ಪೆಟ್ರೋಲು ಕೊಟ್ಟರೆ ಮಾತ್ರ ಕಿಡಿಗೆ ಸಾಕಾಗುವಷ್ಟು ಆವಿ ಸಿಗುತ್ತದೆ. ಈ ಗಾಡಿಯಲ್ಲಿ ಅದನ್ನು ಕೊಡುವುದು ಒಂದು ಸಣ್ಣ ಹಿತ್ತಾಳೆಯ ಪ್ಲಂಜರ್. ಹ್ಯಾಂಡಲಿನ ಲಿವರ್ ಎಳೆದರೆ ಕೇಬಲ್ ಅದನ್ನು ಮೇಲೆತ್ತುತ್ತದೆ, ಅದು ಮುಚ್ಚಿಕೊಂಡಿದ್ದ ಬೇರೊಂದು ದಾರಿ ತೆರೆದು ಹೆಚ್ಚುವರಿ ಪೆಟ್ರೋಲು ಒಳಗೆ ಹೋಗುತ್ತದೆ.

ಪ್ಲಂಜರನ್ನು ಕಾರ್ಬ್ಯುರೇಟರಿನಿಂದ ಬಿಚ್ಚಿ ಹೊರಗೆ ಹಿಡಿದುಕೊಂಡು ಲಿವರನ್ನು ಪೂರ್ತಿ ಎಳೆಯಲು ಹೇಳಿದೆ. ಲಿವರ್ ಅದರ ಕೊನೆ ಮುಟ್ಟಿತು, ಪ್ಲಂಜರ್ ಎರಡು ಮಿಲಿಮೀಟರ್ ಮೇಲೆದ್ದು ನಿಂತಿತು. ಸೆಂಟಿಮೀಟರಿನ ಹತ್ತಿರ ಏಳಬೇಕಾದದ್ದು ಅದು. ಟ್ಯಾಂಕ್ ಎತ್ತಿದಾಗ ಕಾರಣ ಕಣ್ಣೆದುರೇ ಇತ್ತು: ಚೋಕ್ ಕೇಬಲ್ ತನ್ನ ಕ್ಲಿಪ್ಪಿನೊಳಗೆ ಇರದೆ ಫ್ರೇಮಿನ ಮೇಲಿಂದ ಅಡ್ಡ ಬಂದು, ಟ್ಯಾಂಕಿನ ಅಡಿಗೆ ಸಿಕ್ಕಿ ಚಪ್ಪಟೆಯಾಗಿ, ಅಲ್ಲೇ ಮಡಿಕೆ ಬಿದ್ದಿತ್ತು. ಹೊರಕವಚದ ಮೇಲೆ ಟ್ಯಾಂಕಿನ ಅಂಚಿನ ಅಚ್ಚು ಉಗುರಿನಿಂದ ಒತ್ತಿದಂತೆ ಮೂಡಿತ್ತು. ಚೋಕ್ ಎಳೆದೆವೆಂದು ಎರಡು ತಿಂಗಳು ಎಲ್ಲರೂ ನಂಬಿದ್ದೆವು. ಎಳೆದದ್ದು ಲಿವರನ್ನು ಮಾತ್ರ.

ಸೆಪ್ಟೆಂಬರಿನ ಕೆಲಸ

ಕೇಬಲ್ ಅಲ್ಲಿಗೆ ಹೇಗೆ ಬಂತು ಎಂದು ಕೇಳಿದಾಗ ಮೆಕ್ಯಾನಿಕ್ ತುಸು ಹೊತ್ತು ಸುಮ್ಮನಿದ್ದು, ಆಮೇಲೆ ಬಿಲ್ ಪುಸ್ತಕ ತಿರುವಿದ. ಸೆಪ್ಟೆಂಬರಿನಲ್ಲಿ ಅವನೇ ಆ ಗಾಡಿಯ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಬದಲಾಯಿಸಿದ್ದ. ಅದಕ್ಕಾಗಿ ಹ್ಯಾಂಡಲ್ ಬಿಚ್ಚಿ, ಟ್ಯಾಂಕ್ ಇಳಿಸಿ, ವಾಪಸ್ ಕೂರಿಸುವಾಗ ಕೇಬಲ್ ಕ್ಲಿಪ್ ತಪ್ಪಿತ್ತು. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಬೆಳಿಗ್ಗೆ ಅಷ್ಟು ಚಳಿಯಿಲ್ಲದ್ದರಿಂದ ಎರಡು ಮಿಲಿಮೀಟರಿನ ಚೋಕೇ ಸಾಕಾಗುತ್ತಿತ್ತು. ಡಿಸೆಂಬರಿನಲ್ಲಿ ಏನು ಬದಲಾಯಿತು ಎಂದು ನಾವು ಕೇಳಿಕೊಳ್ಳುತ್ತಿದ್ದೆವು; ಅದಕ್ಕೆ ಸಿಗುತ್ತಿದ್ದ ಉತ್ತರ ಹವೆಯೊಂದೇ. ಗಾಡಿಗೆ ಕಡೆಯ ಸಲ ಕೈ ಹಾಕಿದ್ದು ಯಾವಾಗ, ಯಾವುದಕ್ಕೆ ಎಂದು ಕೇಳಿದ್ದರೆ ದಾರಿ ಬೇಗ ಸಿಗುತ್ತಿತ್ತು. ತನ್ನದೇ ಕೆಲಸದ ತಪ್ಪನ್ನು ಗಿರಾಕಿಗೆ ಹೇಳಿ, ಕೇಬಲ್ ಮತ್ತು ಕೂಲಿ ಎರಡನ್ನೂ ಬಿಟ್ಟುಕೊಟ್ಟ ಹುಡುಗನ ಬಗ್ಗೆ ನನಗೆ ಗೌರವ ಹೆಚ್ಚಿತು.

ಇನ್ನೊಂದು ಸಂಗತಿ ರೈಟರು ಗಾಡಿ ಒಯ್ಯಲು ಬಂದಾಗ ಗೊತ್ತಾಯಿತು. ಹೊಸ ಕೇಬಲ್ ಹಾಕಿ, ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲ ಬಿಟ್ಟು, ಮತ್ತೊಂದು ರಾತ್ರಿ ಹೊರಗೆ ನಿಲ್ಲಿಸಿ, ಬೆಳಿಗ್ಗೆ ನಾವು ಕಿಕ್ ಹೊಡೆದಾಗ ಎರಡನೆಯದಕ್ಕೇ ಹೊತ್ತಿಕೊಂಡ ಗಾಡಿ, ಅದರ ಮುಂದಿನ ಬೆಳಿಗ್ಗೆ ರೈಟರು ಹೊಡೆದಾಗ ಏಳು ಕಿಕ್ ತೆಗೆದುಕೊಂಡಿತು. ಅವರ ಕೈಯನ್ನು ಗಮನಿಸಿದೆ. ಪೆಟ್ರೋಲ್ ಏರಲಿ ಎಂದು ಮೊದಲು ನಾಲ್ಕು ಸಲ ಆಕ್ಸಿಲರೇಟರ್ ತಿರುವುತ್ತಿದ್ದರು, ಕಿಕ್ ಹೊಡೆಯುವಾಗಲೂ ಅರ್ಧ ತಿರುವಿ ಹಿಡಿಯುತ್ತಿದ್ದರು. ಕೆಲವು ಗಾಡಿಗಳ ಕಾರ್ಬ್ಯುರೇಟರಿನಲ್ಲಿ ಆಕ್ಸಿಲರೇಟರ್ ಪಂಪ್ ಇರುತ್ತದೆ, ತಿರುವಿದರೆ ಪೆಟ್ರೋಲು ಚಿಮ್ಮುತ್ತದೆ, ಇದರಲ್ಲಿ ಅದಿಲ್ಲ. ಮೇಲಾಗಿ ಪ್ಲಂಜರ್ ಬಗೆಯ ಚೋಕ್ ಎಂಜಿನ್ನಿನ ಎಳೆತವನ್ನೇ ನಂಬಿಕೊಂಡಿದೆ. ಆಕ್ಸಿಲರೇಟರ್ ತೆರೆದರೆ ಗಾಳಿ ದೊಡ್ಡ ಬಾಗಿಲಿನಿಂದ ನುಗ್ಗಿ, ಸಣ್ಣ ದಾರಿಯ ಎಳೆತ ಕುಸಿಯುತ್ತದೆ. ಚೋಕ್ ಪೂರ್ತಿ ಎಳೆದು, ಆಕ್ಸಿಲರೇಟರಿನಿಂದ ಕೈ ತೆಗೆದು ಕಿಕ್ ಹೊಡೆಯಿರಿ ಎಂದೆ. "ಇಪ್ಪತ್ತು ವರ್ಷದ ಅಭ್ಯಾಸ ಸಾರ್" ಎಂದು ನಕ್ಕರು. ಹೊತ್ತಿಕೊಂಡ ಮೇಲೆ ಅರ್ಧ ನಿಮಿಷಕ್ಕೆ ಚೋಕನ್ನು ಅರ್ಧ ಇಳಿಸಿ, ಇನ್ನೊಂದು ನಿಮಿಷಕ್ಕೆ ಪೂರ್ತಿ ಬಿಡಬೇಕೆಂದೂ ಹೇಳಿದೆ. ಎಳೆದೇ ಓಡಿಸಿದರೆ ಪ್ಲಗ್ ಮಸಿ ಹಿಡಿಯುತ್ತದೆ.

ಗಾಡಿಗೆ ಹಾಕಿದ್ದ ಎಣ್ಣೆ 20ಡಬ್ಲ್ಯೂ-50. ಕೈಪಿಡಿ ಹೇಳಿದ್ದು 10ಡಬ್ಲ್ಯೂ-30. ಡಬ್ಲ್ಯೂ ಎಂದರೆ ಚಳಿಗಾಲದ ಅಂಕಿ, ಅದು ದೊಡ್ಡದಾದಷ್ಟೂ ತಣ್ಣಗಿರುವಾಗ ಎಣ್ಣೆ ಮಂದ. ಇದನ್ನು ಆ ಮೊದಲ ಬೆಳಿಗ್ಗೆಯೇ ನೋಡಿದ್ದರೂ ಬೇಕೆಂದೇ ಮುಟ್ಟಲಿಲ್ಲ. ಕೇಬಲ್ಲನ್ನೂ ಎಣ್ಣೆಯನ್ನೂ ಒಂದೇ ದಿನ ಬದಲಾಯಿಸಿದ್ದರೆ ಯಾವುದರಿಂದ ಗುಣವಾಯಿತೆಂದು ನಮಗೆ ತಿಳಿಯುತ್ತಿರಲಿಲ್ಲ. ಹತ್ತು ದಿನ ಬಿಟ್ಟು ಎಣ್ಣೆ ಬದಲಾಯಿಸಿದೆವು. ಕಿಕ್ಕರ್ ಸ್ವಲ್ಪ ಹಗುರವಾಯಿತು, ಅಷ್ಟೇ.

ಕಾರಣ ಹುಡುಕಿದ ಈ ಕ್ರಮ, ಕಾರ್ಬ್ಯುರೇಟರಿನ ಬದಲು ಇಂಜೆಕ್ಟರಿನಿಂದ ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ ಗಾಡಿಗಳಿಗೆ ಹಾಗೆಯೇ ಹೊಂದುವುದಿಲ್ಲ. 2020ರ ಏಪ್ರಿಲ್ 1ರಂದು ಬಿಎಸ್-6 ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಎಳೆಯಲು ಚೋಕೇ ಇಲ್ಲ. ಎಂಜಿನ್ನಿನ ತಾಪವನ್ನು ಸೆನ್ಸರ್ ಅಳೆದು, ಹೆಚ್ಚುವರಿ ಪೆಟ್ರೋಲನ್ನು ಕಂಪ್ಯೂಟರ್ ತಾನೇ ಕೊಡುತ್ತದೆ. ಅಲ್ಲಿ ಕೀ ತಿರುಗಿಸಿದಾಗ ಪೆಟ್ರೋಲ್ ಪಂಪಿನ ಸಣ್ಣ ಗುಂಯ್ ಸದ್ದು ಕೇಳಿ ನಿಲ್ಲುವವರೆಗೆ ಕಾದು ಸ್ಟಾರ್ಟ್ ಮಾಡಬೇಕು. ಬ್ಯಾಟರಿ ತೀರಾ ಇಳಿದಿದ್ದರೆ ಆ ಪಂಪೂ ಏಳುವುದಿಲ್ಲವಾದ್ದರಿಂದ, ಅಂಥ ಗಾಡಿಯಲ್ಲಿ ಮೊದಲು ಬ್ಯಾಟರಿ ನೋಡುವುದೇ ಸರಿ. ಈ ಗಾಡಿಯಲ್ಲಿ ಬ್ಯಾಟರಿ ಬದಲಾಯಿಸಿದ್ದು ವ್ಯರ್ಥ.

ಫೆಬ್ರವರಿಯ ಉಳಿದ ದಿನಗಳಲ್ಲಿ ರೈಟರು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಪ್ರತಿ ಬೆಳಗಿನ ಕಿಕ್ ಲೆಕ್ಕ ಬರೆದಿಟ್ಟರು. ಒಂದು, ಎರಡು, ಎರಡು, ಒಂದು ಎಂದು ಸಾಗುವ ಸಾಲಿನಲ್ಲಿ ಒಂದೇ ಒಂದು ಕಡೆ ಆರು ಎಂದಿದೆ. ಅದರ ಪಕ್ಕದಲ್ಲಿ ಅವರೇ 'ಮರೆತು ತಿರುವಿದೆ' ಎಂದು ಬರೆದುಕೊಂಡಿದ್ದಾರೆ. ಡಿಸೆಂಬರಿನಲ್ಲಿ ಬಿಸಾಡಿದ ಹಳೆಯ ಬ್ಯಾಟರಿ ಗ್ಯಾರೇಜಿನ ಮೂಲೆಯಲ್ಲಿ ಇನ್ನೂ ಬಿದ್ದಿತ್ತು. ಮೆಕ್ಯಾನಿಕ್ ಅದನ್ನು ನಿಧಾನವಾಗಿ ಚಾರ್ಜ್ ಮಾಡಿ, ಒಂದು ರಾತ್ರಿ ಸುಮ್ಮನೆ ಬಿಟ್ಟು ಅಳೆದಾಗ 12.7 ವೋಲ್ಟ್ ತೋರಿಸಿತು. ಈಗ ಅದು ತೋಟದ ಕಣದಲ್ಲಿ, ಒಣಹಾಕಿದ ಕಾಫಿ ಕಾಯುವವನ ಗುಡಿಸಲಿಗೆ ದೀಪ ಉರಿಸುತ್ತಿದೆ.